ನಡೆದು ಹೋದವರ ಪಟ್ಟಿ

ನನ್ನ ಗಂಡನಿಗೆ ಹೃದಯಾಘಾತ ಆಗುತ್ತದೆ ಅಂತ ನನಗೆ ಆರು ದಿನ ಮೊದಲೇ ಗೊತ್ತಾಯಿತು. ಬುಧವಾರ ಬೆಳಿಗ್ಗೆ ಹತ್ತೂ ಕಾಲು ಗಂಟೆ. ಕೈಯಲ್ಲಿ ಚಹಾದ ಲೋಟ ಇತ್ತು. ಎದುರಿನ ಪರದೆಯಲ್ಲಿ ಒಂದು ಸಾಲು ಹಸಿರಿನಿಂದ ಕೆಂಪಿಗೆ ತಿರುಗಿತು. ಹೆಸರು ಪರಮೇಶಪ್ಪ ಶಿವಲಿಂಗಪ್ಪ. ವಯಸ್ಸು ಐವತ್ತೊಂದು. ಕೆಲಸ, ಏಸಿ ಕೊಳವೆಗಳ ಫೋರ್‌ಮನ್. ಪರ್ಮಿಟ್, ತಾತ್ಕಾಲಿಕ. ಉಳಿದ ಅವಧಿ, ಆರು ದಿನ.

ಬೆಳಿಗ್ಗೆ ಆರು ಗಂಟೆಗೆ ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಅಂತ ನನ್ನ ಹತ್ತಿರ ಜಗಳ ಆಡಿ ಕೆಲಸಕ್ಕೆ ಹೋದ ಮನುಷ್ಯ. ನಾನೂ ಸುಮ್ಮನಿರಲಿಲ್ಲ ಅನ್ನಿ. ಬೇಕಿದ್ದರೆ ಮೇಲೆ ಉದುರಿಸಿಕೊಳ್ಳಿ, ನನಗೆ ಬಸ್ಸಿಗೆ ಹೊತ್ತಾಯ್ತು ಅಂದು ಬಾಗಿಲು ಎಳೆದುಕೊಂಡು ಬಂದಿದ್ದೆ.

ನಾನು ತಾರಾಮಣಿ. ಕೊಲ್ಲಿಯ ಒಂದು ಬಂದರು ಪಟ್ಟಣದಲ್ಲಿ ಹದಿನೆಂಟು ವರ್ಷದಿಂದ ನರ್ಸು. ಊರಿನ ಹೆಸರು ಹೇಳಬಾರದು ಅಂತ ಬರೆಸಿಕೊಂಡಿದ್ದಾರೆ, ಹೇಳುವುದಿಲ್ಲ. ಮೊದಲು ಹೃದಯದ ವಾರ್ಡಿನಲ್ಲಿದ್ದೆ. ಅಲ್ಲಿಗೆ ಬಂದ ಪ್ರತಿಯೊಬ್ಬ ರೋಗಿಗೂ ನಾಲ್ಕು ಪುಟದ ಫಾರಂ ತುಂಬಬೇಕಿತ್ತು. ಹನ್ನೊಂದು ಅರಬ್ ದೇಶಗಳ ಆಸ್ಪತ್ರೆಗಳು ಸೇರಿ ಶುರು ಮಾಡಿದ ದಾಖಲೆ ಅದು. ವಯಸ್ಸೆಷ್ಟು, ಸಕ್ಕರೆ ಕಾಯಿಲೆ ಇದೆಯೇ, ದಿನಕ್ಕೆ ಎಷ್ಟು ಸಿಗರೇಟು, ನೋವು ಶುರುವಾಗಿ ಎಷ್ಟು ಹೊತ್ತಿಗೆ ಬಂದರು, ಯಾರು ಕರೆತಂದರು, ಏನು ಚಿಕಿತ್ಸೆ ಕೊಟ್ಟಿರಿ, ಆಮೇಲೆ ಏನಾಯಿತು.

ಸಾವಿರಾರು ಫಾರಂ ತುಂಬಿದವಳಿಗೆ ಕೆಲವು ಸಂಗತಿ ಲೆಕ್ಕ ಹಾಕದೇ ಗೊತ್ತಾಗಿಬಿಡುತ್ತವೆ. ಬರುವವರು ಮುದುಕರಲ್ಲ. ನಲವತ್ತಾರು, ನಲವತ್ತೊಂಬತ್ತು, ಐವತ್ತು. ಆಂಬುಲೆನ್ಸಿನಲ್ಲಿ ಬರುವವರು ಕೈಬೆರಳಿನಷ್ಟು. ಉಳಿದವರನ್ನು ಗೆಳೆಯರು ಪಿಕಪ್ ಗಾಡಿಯ ಹಿಂದೆ ಸಿಮೆಂಟು ಚೀಲದ ಪಕ್ಕ ಕೂರಿಸಿಕೊಂಡು ಬರುತ್ತಾರೆ. ಗಂಡಸರು ಎದೆ ಹಿಡಿದುಕೊಂಡು ಬಂದರೆ ಹೆಂಗಸರು ಬೆನ್ನು ನೋವು, ಸುಸ್ತು, ಹೊಟ್ಟೆ ತೊಳೆಸುತ್ತದೆ ಅನ್ನುತ್ತಾ ಮಾರನೇ ದಿನ ಬರುತ್ತಾರೆ. ಅಷ್ಟು ಹೊತ್ತಿಗೆ ಅರ್ಧ ಹೃದಯ ಸತ್ತಿರುತ್ತದೆ. ಮನೆಯಲ್ಲಿ ಅಡುಗೆ ಮುಗಿಸಿ, ಮಕ್ಕಳನ್ನು ಮಲಗಿಸಿ, ಗಂಡ ಬರುವವರೆಗೂ ಕಾದು ಬಂದಿರುತ್ತಾರಲ್ಲ, ಹಾಗಾಗಿ. ಅರಬ್ಬರಾದರೇನು, ನಮ್ಮವರಾದರೇನು, ಈ ವಿಷಯದಲ್ಲಿ ಎಲ್ಲ ಹೆಂಗಸರೂ ಒಂದೇ ದಡ್ಡಿಯರು.

ಆ ಫಾರಂಗಳ ರಾಶಿಯನ್ನೇ ತಿನ್ನಿಸಿ ಒಂದು ಯಂತ್ರವನ್ನು ಬೆಳೆಸಿದರು. ಅದರ ಹೆಸರು ನಜೀರ್. ಅರಬಿಯಲ್ಲಿ ಹಾಗೆಂದರೆ ಎಚ್ಚರಿಸುವವನು. ಮಣಿಕಟ್ಟಿಗೆ ಕಟ್ಟುವ ಒಂದು ಬೂದು ಬಣ್ಣದ ಪಟ್ಟಿ, ಸೊಳ್ಳೆಯ ಮೂತಿಗಿಂತ ಸಣ್ಣ ಸೂಜಿ, ಅಷ್ಟೇ. ಹೃದಯದ ರಕ್ತನಾಳದ ಒಳಗೆ ಕೊಬ್ಬಿನ ಗಂಟು ಇರುತ್ತದೆ. ಹಣ್ಣಾದ ಕುರುವಿನ ಹಾಗೆ ಅದರ ಮೇಲಿನ ತೊಗಲು ತೆಳ್ಳಗಾಗುತ್ತಾ ಬಂದು ಒಂದು ದಿನ ಒಡೆಯುತ್ತದೆ. ಒಡೆದ ಕಡೆ ರಕ್ತ ಹೆಪ್ಪುಗಟ್ಟಿದರೆ ದಾರಿ ಮುಚ್ಚಿತು, ಅದೇ ಹೃದಯಾಘಾತ. ಒಡೆಯುವ ಮೊದಲು ಆ ತೊಗಲು ರಕ್ತಕ್ಕೆ ಕೆಲವು ಕಣಗಳನ್ನು ಬಿಡುತ್ತದೆ, ನಾಡಿಯ ಅಲೆಯೂ ಕೂದಲೆಳೆಯಷ್ಟು ಬದಲಾಗುತ್ತದೆ. ಮನುಷ್ಯನಿಗೆ ಏನೂ ಗೊತ್ತಾಗುವುದಿಲ್ಲ. ನಜೀರನಿಗೆ ಗೊತ್ತಾಗುತ್ತದೆ, ಸರಿಯಾಗಿ ಆರು ದಿನ ಮೊದಲು.

ಮೊದಲ ವರ್ಷ ನಾವೆಲ್ಲ ಕುಣಿದಾಡಿದ್ದು ಸುಳ್ಳಲ್ಲ. ಕೆಂಪು ಬಂದ ಕೂಡಲೇ ಗಾಡಿ ಹೋಗುತ್ತಿತ್ತು. ಮೀನು ಮಾರುಕಟ್ಟೆಯಿಂದ, ಹಡಗಿನ ಕಟ್ಟೆಯಿಂದ, ಮಸೀದಿಯ ಮೆಟ್ಟಿಲಿನಿಂದ ಜನರನ್ನು ಎತ್ತಿಕೊಂಡು ಬರುತ್ತಿದ್ದರು. ನಡೆದುಕೊಂಡು ಬಂದವರಿಗೆ ಸ್ಟೆಂಟ್ ಹಾಕಿ, ನಡೆಸಿಕೊಂಡೇ ಮನೆಗೆ ಕಳಿಸುತ್ತಿದ್ದೆವು. ಸಾವು ಅರ್ಧಕ್ಕರ್ಧ ಇಳಿಯಿತು. ನನ್ನನ್ನು ವಾರ್ಡಿನಿಂದ ಬಿಡಿಸಿ ನಿಯಂತ್ರಣ ಕೊಠಡಿಯ ಮುಖ್ಯ ಮೇಜಿಗೆ ಹಾಕಿದರು. ಊರಿಗೆ ಫೋನ್ ಮಾಡಿ ಎಲ್ಲರಿಗೂ ಜಂಬ ಕೊಚ್ಚಿಕೊಂಡೆ.

ಎರಡನೇ ವರ್ಷ ಹೊಸ ನಿಯಮ ಬಂತು. ತಾತ್ಕಾಲಿಕ ಪರ್ಮಿಟ್ಟಿನ ಕೆಲಸಗಾರರಿಗೆ ಕೆಂಪು ಬಂದರೆ ಕಂಪನಿಯವರು ಎರಡು ದಿನದೊಳಗೆ ವಿಮಾನ ಹತ್ತಿಸಿ ಊರಿಗೆ ಕಳಿಸಬಹುದು, ಚಿಕಿತ್ಸೆ ಅಲ್ಲೇ ಆಗಲಿ ಅಂತ. ಹೇಗೂ ಆರು ದಿನ ಇರುತ್ತದಲ್ಲ! ಸ್ವಂತ ಜನರ ನಡುವೆ, ಸ್ವಂತ ಭಾಷೆಯ ಡಾಕ್ಟರ ಹತ್ತಿರ ವಾಸಿಯಾಗಲಿ ಅಂತ ಸುತ್ತೋಲೆಯಲ್ಲಿ ಬೆಣ್ಣೆಯಂಥ ಮಾತು. ವಿಮಾನ ನಿಲ್ದಾಣದಲ್ಲಿ ಪಟ್ಟಿ ಕತ್ತರಿಸಿಕೊಳ್ಳುತ್ತಿದ್ದರು. ಅಲ್ಲಿಂದ ಮುಂದೆ ಆ ಮನುಷ್ಯನ ನಾಡಿ ನಮಗೆ ಕೇಳಿಸುತ್ತಿರಲಿಲ್ಲ.

ಈಗ ನಾನು ಮಾಡಿದ ಕೆಲಸ ಹೇಳಬೇಕು.

ಮೊದಲು ಹೋದವನು ತಾಹಿರ್ ಅಂತ, ಈಜಿಪ್ಟಿನ ದಕ್ಷಿಣದವನು, ಟೈಲ್ಸ್ ಹಾಕುವವನು. ಎರಡು ಬ್ಯಾಗ್ ಹೊತ್ತುಕೊಂಡು, ನನ್ನ ಮೇಜಿನ ಹತ್ತಿರ ಬಂದು ಕೈ ಎದೆಗಿಟ್ಟು ವಂದಿಸಿ ಹೋದ. ತಿಂಗಳಾದ ಮೇಲೆ ಯಂತ್ರ ಅವನ ಸಾಲು ತೆರೆದು ಕೇಳಿತು: ಜೀವಂತವೋ, ಮೃತವೋ? ಫೋನ್ ಮಾಡಿದೆ, ಹೋಗಲಿಲ್ಲ. ಇನ್ನೊಂದು ನಂಬರಿಗೆ ಮಾಡಿದೆ, ಯಾರೂ ಎತ್ತಲಿಲ್ಲ. ಖಾಲಿ ಬಿಟ್ಟರೆ ಯಂತ್ರ ಮುಂದಕ್ಕೆ ಹೋಗುವುದಿಲ್ಲ. ಪಕ್ಕದ ಮೇಜಿನಲ್ಲಿ ಯಾಸಿರ್ ಕೂತಿದ್ದ. ಯೆಮನ್ ದೇಶದ ಒಂದು ಬೆಟ್ಟದೂರಿನವನು, ನನಗಿಂತ ಹತ್ತು ವರ್ಷ ಚಿಕ್ಕವನು.

"ಏನು ಬರೆಯಲಿ?" ಅಂದೆ.

"ಸತ್ತಿರಬಹುದಾ?" ಅಂದ.

"ಬಿಡ್ತು ಅನ್ನೋ!" ಅಂತ ಕನ್ನಡದಲ್ಲೇ ಕೂಗಿದೆ. ಅವನಿಗೆ ಕನ್ನಡ ಗೊತ್ತಿಲ್ಲ, ಆದರೆ ಅರ್ಥ ಆಯಿತು. ಅವನೂ ಕೆನ್ನೆ ಮುಟ್ಟಿಕೊಂಡು ದೇವರು ಹಾಗೆ ಮಾಡದಿರಲಿ ಅಂತ ಅರಬಿಯಲ್ಲಿ ಅಂದ. ಸುದ್ದಿ ಇಲ್ಲದವನ ಹೆಸರಿನ ಮುಂದೆ ಮೃತ ಅಂತ ಬರೆಯುವ ಕೈ ನನಗೆ ದೇವರು ಕೊಟ್ಟಿಲ್ಲ. ನಮ್ಮ ಅಜ್ಜಿ ಇದ್ದಿದ್ದರೆ ಬಾಯಿ ಮೇಲೆ ಹೊಡೆಯುತ್ತಿದ್ದಳು. ಕಾಲ ಮೇಲೆ ನಡೆದುಕೊಂಡು ಹೋದವನು ಬದುಕಿದ್ದಾನೆ ಅಂತ ಅಂದುಕೊಳ್ಳುವುದೇ ಅಲ್ಲವೇ ನಮ್ಮ ಕಡೆಯ ರೀತಿ? ಜೀವಂತ ಅಂತ ಒತ್ತಿದೆ.

ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಸಿರಿಯಾದ ಬೇಕರಿಯವನು, ನೇಪಾಳದ ಕಾವಲುಗಾರ, ಯೆಮನಿನ ಹಮಾಲಿ, ಕಲಬುರಗಿಯ ಒಬ್ಬ ಲಾರಿ ಡ್ರೈವರ್. ಒಂದೆರಡು ಸಲ ಮಾಡಿದರೆ ಯಾರೂ ಎತ್ತುತ್ತಿರಲಿಲ್ಲ, ಆಮೇಲಾಮೇಲೆ ನಾವು ಮಾಡುವುದನ್ನೂ ಬಿಟ್ಟೆವು. ಬೇರೆ ಮೇಜಿನ ಹುಡುಗಿಯರು ಏನು ತುಂಬಬೇಕು ಅಂತ ಕೇಳಿದಾಗ ನಾನೇ ಒಂದು ಚೀಟಿ ಬರೆದು ಗೋಡೆಗೆ ಅಂಟಿಸಿದೆ: ಸುದ್ದಿ ಇಲ್ಲದಿದ್ದರೆ ಜೀವಂತ ಅಂತ ತುಂಬಿ. ಅಶುಭ ಬರೆಯಬೇಡಿ.

ಆರು ತಿಂಗಳಿಗೊಮ್ಮೆ ನಜೀರ್ ತಾನೇ ತನ್ನ ದಾಖಲೆ ಓದಿ ಕಲಿಯುತ್ತದೆ. ಅದಕ್ಕೆ ಶುಭ ಗೊತ್ತಿಲ್ಲ, ಅಶುಭ ಗೊತ್ತಿಲ್ಲ. ಸ್ಟೆಂಟ್ ಹಾಕಿಸಿಕೊಂಡವರಲ್ಲಿ ನೂರಕ್ಕೆ ಇಬ್ಬರು ಸತ್ತಿದ್ದಾರೆ. ಬರೀ ಮಾತ್ರೆ ತಿಂದವರಲ್ಲಿ ಆರು ಜನ. ವಿಮಾನ ಹತ್ತಿದವರಲ್ಲಿ ಒಬ್ಬನೂ ಇಲ್ಲ. ಅಂದಮೇಲೆ ಎಲ್ಲಕ್ಕಿಂತ ಒಳ್ಳೆಯ ಚಿಕಿತ್ಸೆ ಯಾವುದು? ವಿಮಾನ! ಮೂರನೇ ವರ್ಷದಿಂದ ಪರದೆಯ ಮೇಲೆ ಮೊದಲ ಶಿಫಾರಸು ಅದೇ ಬರತೊಡಗಿತು. ಕೆಲಸಗಾರರು ಅದಕ್ಕೆ ಔಷಧಿ ವಿಮಾನ ಅಂತ ಹೆಸರಿಟ್ಟು ನಗುತ್ತಿದ್ದರು. ನಮ್ಮ ಯಜಮಾನರೂ ನಗುತ್ತಿದ್ದರು. ನಾನೂ ಮನೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದೆ, "ನೋಡ್ರೀ, ಸಾವಿರ ದಾಟಿದರು, ಒಬ್ಬರೂ ಸತ್ತಿಲ್ಲ." ಹೇಳಿ ಹೇಳಿ ನನಗೇ ಅದು ನಿಜ ಅನ್ನಿಸಿಬಿಟ್ಟಿತ್ತು. ಇದಕ್ಕಿಂತ ನಾಚಿಕೆಗೇಡು ಬೇರೆ ಏನಿದೆ?

ಆ ಬುಧವಾರವೂ ಅಷ್ಟೇ. ಇವರ ಹೆಸರು ಕೆಂಪಾಯಿತು. ಕೆಳಗಿನ ಸಾಲು ಓದಿದೆ: ಶಿಫಾರಸು, ಸ್ವದೇಶ ರವಾನೆ. ಹಿಂದಿನ ಪ್ರಕರಣ ಸಾವಿರದ ನೂರ ನಲವತ್ತೆರಡು. ಸಾವು ಸೊನ್ನೆ. ಓದಿದಾಗ, ನಿಜ ಹೇಳುತ್ತೇನೆ, ನನಗೆ ಸಮಾಧಾನ ಆಯಿತು. ಸದ್ಯ, ಸೊನ್ನೆ ಇದೆ ಅಂದುಕೊಂಡು ಚಹಾ ಕುಡಿದೆ. ಎರಡನೇ ಗುಟುಕಿಗೆ ಆ ಸೊನ್ನೆ ಯಾರು ಬರೆದದ್ದು ಅಂತ ನೆನಪಾಯಿತು. ಲೋಟ ಅಲ್ಲೇ ಕುಕ್ಕಿ ಎದ್ದು ಓಡಿದೆ.

ಡಾಕ್ಟರ್ ಇಬ್ತಿಸಾಮ್ ಮೂರನೇ ಮಹಡಿಯಲ್ಲಿದ್ದರು. ಸುಡಾನ್ ದೇಶದವರು, ನಮ್ಮ ಹೃದಯ ವಿಭಾಗದ ಮುಖ್ಯಸ್ಥೆ. ಇಪ್ಪತ್ತೆರಡು ವರ್ಷದಿಂದ ರಕ್ತನಾಳಗಳ ಒಳಗೆ ತಂತಿ ತೂರಿಸಿ ಜನರನ್ನು ಬದುಕಿಸಿದ ಕೈ. ಮುಂದಿನ ತಿಂಗಳ ಸಮ್ಮೇಳನದಲ್ಲಿ ನಜೀರನ ವರದಿ ಓದುವವರು ಅವರೇ. ಅದು ಒಪ್ಪಿಗೆಯಾದರೆ ಇನ್ನೂ ಏಳು ದೇಶಗಳು ಈ ಪಟ್ಟಿ ಕಟ್ಟುತ್ತವೆ.

"ನನ್ನ ಗಂಡನಿಗೆ ಕೆಂಪು ಬಂದಿದೆ ಡಾಕ್ಟರ್. ಇಲ್ಲೇ ಸ್ಟೆಂಟ್ ಹಾಕಿ. ಇವತ್ತೇ."

ಅವರು ಪರದೆ ನೋಡಿ, "ತಾತ್ಕಾಲಿಕ ಪರ್ಮಿಟ್. ಶಿಫಾರಸು ರವಾನೆ," ಅಂದರು. "ಸಿಸ್ಟರ್ ತಾರಾ, ನನ್ನ ಕೈಯಲ್ಲಿ ನೂರಕ್ಕೆ ಇಬ್ಬರು ಸಾಯುತ್ತಾರೆ. ಅಲ್ಲಿ ಯಾರೂ ಸತ್ತಿಲ್ಲ. ನೀನೇ ಕೊಟ್ಟ ಅಂಕಿ."

"ಅದು ಅಂಕಿ ಅಲ್ಲ. ಅವರಿಗೆ ಏನಾಯಿತು ಅಂತ ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಸುಮ್ಮನೆ ಜೀವಂತ ಅಂತ ಬರೆದೆ."

ಅವರು ಎದ್ದು ಬಾಗಿಲು ಹಾಕಿದರು.

"ಎಷ್ಟು ಜನ?"

"ಎಲ್ಲರೂ."

"ಸೊನ್ನೆ ನೋಡಿದಾಗಲೆಲ್ಲ ನನಗೆ ಏನೋ ಸರಿ ಇಲ್ಲ ಅನ್ನಿಸುತ್ತಿತ್ತು," ಅಂದರು.

"ಮತ್ತೆ ಯಾಕೆ ಕೇಳಲಿಲ್ಲ?"

"ನೀನು ಯಾಕೆ ಹೇಳಲಿಲ್ಲ?"

ಆಮೇಲೆ ಅವರೇ ಹೇಳಿದರು: ಬರೆದು ಕೊಡು, ಭಾನುವಾರ ಸಮಿತಿ ಕೂರುತ್ತದೆ, ರವಾನೆ ನಿಲ್ಲಿಸಲು ಕೇಳುತ್ತೇನೆ. ಭಾನುವಾರ! ಇವರ ವಿಮಾನ ನಾಳೆ ಸಂಜೆ ನಾಲ್ಕಕ್ಕೆ ಅಂತ ಆಗಲೇ ಪರದೆಯಲ್ಲಿ ಬಂದಿತ್ತು. ಸ್ಟೆಂಟ್ ಇಡುವ ಕಪಾಟು ನಜೀರ್ ಒಪ್ಪದೇ ತೆರೆಯುವುದಿಲ್ಲ. ಒಂದೇ ಒಂದು ದಾರಿ ಉಳಿದಿತ್ತು, ಅದನ್ನು ಅವರು ದನಿ ತಗ್ಗಿಸಿ ಹೇಳಿದರು.

"ಎದೆನೋವು ಅಂತ ತುರ್ತು ವಿಭಾಗಕ್ಕೆ ಬಂದವರನ್ನು ಯಾವ ಪರ್ಮಿಟ್ ಆದರೂ ಹಿಂದೆ ಕಳಿಸುವ ಹಾಗಿಲ್ಲ. ಆಗ ಕಪಾಟು ನನ್ನ ಬೆರಳಿಗೇ ತೆರೆಯುತ್ತದೆ. ನಿನ್ನ ಗಂಡ ಬಂದು ಎದೆ ಹಿಡಿದುಕೊಂಡು ಬಾಗಿಲಲ್ಲಿ ಕೂತುಬಿಡಲಿ. ಉಳಿದದ್ದು ನಾನು ನೋಡಿಕೊಳ್ಳುತ್ತೇನೆ."

ಅವರ ಕಾಲು ಮುಟ್ಟಬೇಕು ಅನ್ನಿಸಿತು. ಟ್ಯಾಕ್ಸಿ ಹಿಡಿದು ಮನೆಗೆ ಹೋದೆ.

ಮಕ್ಕಳಿಲ್ಲದ ಮನೆ ನಮ್ಮದು. ಒಂದು ರೂಮು, ಒಂದು ಅಡುಗೆ ಕಟ್ಟೆ. ಕಂಪನಿಯವರು ಆಗಲೇ ಇವರನ್ನು ಮನೆಗೆ ಬಿಟ್ಟು ಹೋಗಿದ್ದರು. ನಾನು ಒಳಗೆ ಹೋದಾಗ ಇವರು ಮಂಚದ ಮೇಲೆ ಬ್ಯಾಗ್ ಹರಡಿಕೊಂಡು, ತಮ್ಮ ಅಕ್ಕ ಗಿರಿಜಕ್ಕನಿಗೆ ತೆಗೆದಿಟ್ಟಿದ್ದ ಶಾಲನ್ನು ಮಡಚುತ್ತಿದ್ದರು. ಮುಖದಲ್ಲಿ ಮದುವೆಗೆ ಹೊರಟವರ ಕಳೆ. ಮೂರು ವರ್ಷದಿಂದ ರಜೆ ಸಿಕ್ಕಿರಲಿಲ್ಲ ಇವರಿಗೆ.

"ಬಂದ್ಯಾ ತಾರಾ? ನೋಡೇ, ನನ್ನ ಹೃದಯ ಕೈ ಕೊಟ್ರೂ ರಜೆ ಕೊಡಿಸ್ತು!"

"ರೀ, ಬ್ಯಾಗ್ ಬಿಡಿ. ಈಗಲೇ ಆಸ್ಪತ್ರೆಗೆ ಹೋಗೋಣ. ಬಾಗಿಲಲ್ಲಿ ಎದೆ ನೋವು ಅಂತ ಕೂಗಿ. ಇಲ್ಲೇ ಸ್ಟೆಂಟ್ ಹಾಕ್ತಾರೆ."

"ನೋವೇ ಇಲ್ವಲ್ಲೇ."

"ಇದೆ ಅಂತ ಹೇಳ್ರೀ! ನಾಟಕ ಮಾಡಿ. ಕೇಳಿಕೊಳ್ತೀನಿ."

ಅವರು ಶಾಲು ಕೆಳಗಿಟ್ಟು ನನ್ನನ್ನೇ ನೋಡಿದರು. "ಯಾತಕ್ಕೆ? ಊರಲ್ಲಿ ಹಾಕ್ತಾರಲ್ಲ. ಗಿರಿಜಕ್ಕನ ಮಗಳ ಮಾವ ತುಮಕೂರಿನ ಆಸ್ಪತ್ರೇಲೇ ಹಾಕಿಸಿಕೊಂಡಿದ್ದು. ಅಲ್ಲಿಗೇ ಫೋನ್ ಮಾಡಿ ಸೋಮವಾರಕ್ಕೆ ಹೆಸರು ಬರೆಸಿದ್ದೂ ಆಯ್ತು. ಮಂಗಳವಾರದವರೆಗೆ ಟೈಮಿದೆ."

"ಆ ಆರು ದಿನ ಹಾಸಿಗೆ ಮೇಲೆ ಮಲಗಿದವರ ಲೆಕ್ಕ. ಬಿಸಿಲಲ್ಲಿ ಕೊಳವೆ ಹೊತ್ತವರದ್ದಲ್ಲ, ವಿಮಾನದಲ್ಲಿ ಕಾಲು ಮಡಚಿ ಕೂತವರದ್ದಲ್ಲ. ಹೋದವರು ಎಷ್ಟು ದಿನಕ್ಕೆ ಏನಾದರು ಅಂತ ಯಾರೂ ನೋಡಿಲ್ಲ."

"ನೀನೇ ಹೇಳಿದ್ದಲ್ಲ, ಸಾವಿರದ ಮೇಲೆ ಹೋದ್ರು, ಒಬ್ಬರೂ ಸತ್ತಿಲ್ಲ ಅಂತ?"

"ಸುಳ್ಳು ಬರೆದೆ ಕಣ್ರೀ. ನನಗೆ ಗೊತ್ತಿಲ್ಲದೇ ಇದ್ದದ್ದನ್ನ ಬರೆದೆ. ಎಷ್ಟು ಜನ ಸತ್ತಿದ್ದಾರೋ ಆ ಶಿವನಿಗೇ ಗೊತ್ತು."

ಇವರು ಜೋರಾಗಿ ನಕ್ಕುಬಿಟ್ಟರು. ಮೂವತ್ತು ವರ್ಷದ ಸಂಸಾರದಲ್ಲಿ ಅವರ ನಗು ನನಗೆ ಅಷ್ಟು ಭಯ ಹುಟ್ಟಿಸಿದ್ದು ಅದೊಂದೇ ಸಲ.

"ನಿನಗೆ ಸುಳ್ಳು ಹೇಳೋಕೆ ಬರಲ್ಲ ತಾರಾ, ಸುಮ್ನಿರು. ಒಬ್ಬಳೇ ಇರಬೇಕಲ್ಲ ಅಂತ ಸಂಕಟ, ಅಷ್ಟೇ ತಾನೇ? ನಾನು ಹೋಗಬಾರದು ಅಂತ ಏನೇನೋ ಕಟ್ಟಿ ಹೇಳ್ತಿದೀಯ. ಆಸ್ಪತ್ರೆಯವರ ಮುಂದೆ ಇಂಥ ಮಾತು ಆಡೀಯ ಹುಷಾರ್, ಕೆಲಸಾನೇ ಹೋಗುತ್ತೆ."

ಬೈದೆ, ಅತ್ತೆ, ಬ್ಯಾಗಿನ ಬಟ್ಟೆಯನ್ನೆಲ್ಲ ತೆಗೆದು ನೆಲಕ್ಕೆಸೆದೆ. ಎದೆ ಹಿಡಿದುಕೊಂಡು ಹೇಗೆ ಕೂರಬೇಕು ಅಂತ ತೋರಿಸಿದೆ. ಅವರು ನನ್ನ ಕೈ ಹಿಡಿದು ಕೂರಿಸಿ ನೀರು ಕುಡಿಸಿದರು. "ಫೋರ್‌ಮನ್ ನಾನು. ಹತ್ತು ಜನ ನೋಡೋ ಬಾಗಿಲಲ್ಲಿ ಬಿದ್ದು ಹೊರಳಾಡಲಾ? ಗಂಡಸಿಗೆ ಮರ್ಯಾದೆ ಬೇಡ್ವೇನೇ?" ಅಂದರು. ಆಮೇಲೆ ಬಟ್ಟೆಗಳನ್ನು ಒಂದೊಂದಾಗಿ ಎತ್ತಿ ಮತ್ತೆ ಮಡಚಿದರು.

ನನ್ನ ಪ್ರಾಮಾಣಿಕತೆಯ ಮೇಲೆ ಅಷ್ಟು ನಂಬಿಕೆ ಇಟ್ಟ ಮನುಷ್ಯ ಇನ್ನೊಬ್ಬರಿಲ್ಲ. ಆ ನಂಬಿಕೆಯ ಮೇಲೆ ಎಷ್ಟು ಕೋಪ ಬಂದಿತ್ತು ಅಂದರೆ, ಹೋಗಲಿ, ಬೇಡ.

ಗುರುವಾರ ಮೂರು ಗಂಟೆಗೆ ವಿಮಾನ ನಿಲ್ದಾಣದ ಏಳನೇ ಬಾಗಿಲಲ್ಲಿ ಸಾಲಾಗಿ ನಿಂತಿದ್ದರು, ಒಟ್ಟು ಒಂಬತ್ತು ಜನ. ಅವರಲ್ಲಿ ಯಾಸಿರನ ಕಡೆಯ ಒಬ್ಬ ಯೆಮನಿ ಮುದುಕನೂ ಇದ್ದ. ಅವನನ್ನು ಬಿಡಲು ಬಂದಿದ್ದ ಯಾಸಿರ್ ನನ್ನ ಪಕ್ಕ ನಿಂತು, "ನಮ್ಮ ಊರಿನಲ್ಲಿ ಆಸ್ಪತ್ರೆ ಮುಚ್ಚಿ ಆರು ವರ್ಷ ಆಯಿತು ಸಿಸ್ಟರ್," ಅಂದ. "ಇವನು ಎಲ್ಲಿಗೆ ಹೋಗುತ್ತಾನೆ ಅಂತ ಯಂತ್ರಕ್ಕೆ ಗೊತ್ತಿಲ್ಲ."

ಕತ್ತರಿ ಹಿಡಿದ ಹೆಂಗಸು ಇವರ ಮಣಿಕಟ್ಟಿನ ಪಟ್ಟಿ ಕತ್ತರಿಸಿ ಡಬ್ಬಕ್ಕೆ ಹಾಕಿದಳು. ಪಟ್ಟಿ ಇದ್ದ ಜಾಗದಲ್ಲಿ ಬೆಳ್ಳಗೆ ಒಂದು ಗೆರೆ. ಇವರು ಅದನ್ನು ಉಜ್ಜಿಕೊಂಡು, "ಕೈ ಹಗುರ ಆಯ್ತು ನೋಡು," ಅಂದರು. "ಅನ್ನ ಸರಿಯಾಗಿ ತಿನ್ನು. ನಾನಿಲ್ಲ ಅಂತ ಬರೀ ಬ್ರೆಡ್ ತಿಂದುಕೊಂಡು ಇರಬೇಡ." ಎರಡು ಬ್ಯಾಗ್ ತಾವೇ ಎತ್ತಿಕೊಂಡರು. ಎತ್ತಬೇಡಿ ಅಂತ ಗಾಜಿನ ಈಚೆಯಿಂದ ಕೂಗಿದೆ, ಕೇಳಿಸಲಿಲ್ಲ. ನಡೆದುಕೊಂಡೇ ಹೋದರು.

ಅಲ್ಲಿಂದ ನೇರ ಕೊಠಡಿಗೆ ಬಂದು ಮೂರು ಪುಟ ಬರೆದೆ. ಯಾವ ಸಾಲು, ಯಾವ ತಾರೀಕು, ಗೋಡೆಯ ಚೀಟಿ, ಎಲ್ಲ. ಸಹಿ ಹಾಕಿ ಡಾಕ್ಟರ್ ಇಬ್ತಿಸಾಮ್ ಕೈಗೆ ಕೊಟ್ಟೆ. ನಿಯಮದ ಪ್ರಕಾರ ಅವತ್ತೇ ಇವರ ಸಾಲಿನಲ್ಲಿ ನಜೀರ್ ಬರೆದಿತ್ತು: ರವಾನೆ ಯಶಸ್ವಿ.

ಶುಕ್ರವಾರ ಫೋನ್ ಬಂತು. ತಿಪಟೂರು ತಲುಪಿದ್ದೇನೆ, ಗಿರಿಜಕ್ಕ ಕಡುಬು ಮಾಡಿದ್ದಾಳೆ, ನಾಲ್ಕು ತಿಂದೆ, ನೋವು ಗೀವು ಏನಿಲ್ಲ ಅಂದರು. ಇವತ್ತೇ ತುಮಕೂರಿಗೆ ಹೋಗಿ ಅಡ್ಮಿಟ್ ಆಗಿ ಅಂತ ಗೋಗರೆದೆ. "ಸೋಮವಾರ ಅಂತ ಬರೆಸಿದ್ದೀನಲ್ಲೇ. ನಿನ್ನ ಯಂತ್ರ ಮಂಗಳವಾರದವರೆಗೆ ಗ್ಯಾರಂಟಿ ಕೊಟ್ಟಿದೆ," ಅಂದರು. ಗಿರಿಜಕ್ಕನನ್ನು ಕರೆದು ಹೇಳಿದೆ. ಆಕೆ, "ಅಯ್ಯೋ, ಗುಂಡುಕಲ್ಲಿನ ಹಂಗೆ ಅವ್ನೆ ಕಣಮ್ಮ, ನೀನ್ಯಾಕೆ ಎದೆ ಒಡ್ಕೊಂತೀಯ," ಅಂದಳು.

ಶನಿವಾರ ಬೆಳಿಗ್ಗೆ ಎಂಟೂವರೆಗೆ ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ. ಬಾಗಿಲು ಮುರಿದು ಆಟೋದಲ್ಲಿ ಹಾಕಿಕೊಂಡು ತಾಲೂಕು ಆಸ್ಪತ್ರೆಗೆ ಹೋದರಂತೆ. ಡಾಕ್ಟರು ಮುಟ್ಟಿ ನೋಡಿ ಕೈ ಬಿಟ್ಟರಂತೆ. ಅಂತೆ ಅಂತೆ ಅಂತಲೇ ಹೇಳಬೇಕು. ಸಾವಿರಾರು ಹೃದಯಗಳ ನಾಡಿ ನೋಡಿಕೊಂಡು ಕೂತವಳಿಗೆ ಸ್ವಂತ ಗಂಡನ ಕೊನೆಯ ಬಡಿತ ಬೇರೆಯವರ ಬಾಯಿಂದ ಕೇಳಿ ಗೊತ್ತಾಗಬೇಕು.

ಹೋದೆ. ಮಣ್ಣಿಗೆ ಕೊಟ್ಟೆ. ಹನ್ನೊಂದು ದಿನ ಇದ್ದೆ. ಅಷ್ಟು ದಿನದಲ್ಲಿ ನಾಲ್ಕು ಸಲ ತಾಲೂಕು ಆಸ್ಪತ್ರೆಗೆ ಅಲೆದು, ಕಾರಣ ಹೃದಯಾಘಾತ ಅಂತ ಸ್ಪಷ್ಟವಾಗಿ ಬರೆಸಿ, ಸೀಲು ಹಾಕಿಸಿ ಸರ್ಟಿಫಿಕೇಟ್ ತಂದೆ. ಗುಮಾಸ್ತ, "ಇನ್ಶೂರೆನ್ಸಿಗಾ ಅಮ್ಮಾ?" ಅಂತ ಕೇಳಿದ. "ಅಲ್ಲಪ್ಪ, ಒಂದು ಯಂತ್ರಕ್ಕೆ ತೋರಿಸಬೇಕು," ಅಂದೆ. ದುಃಖಕ್ಕೆ ತಲೆ ಕೆಟ್ಟಿದೆ ಅಂದುಕೊಂಡನೋ ಏನೋ, ಬೇಗ ಸಹಿ ಮಾಡಿಕೊಟ್ಟ.

ವಾಪಸ್ ಬಂದಾಗ ಗೋಡೆಯ ಮೇಲಿನ ನನ್ನ ಚೀಟಿ ಇರಲಿಲ್ಲ. ಯಾರು ಕಿತ್ತರೋ. ಸಮಿತಿಯವರು ನನ್ನ ಪತ್ರ ಓದಿ ಎರಡು ಸಾಲಿನ ಉತ್ತರ ಇಟ್ಟಿದ್ದರು: ಆರೋಪಕ್ಕೆ ಆಧಾರ ಬೇಕು. ಮೃತ ಎಂದು ತಿದ್ದಲು ಆಯಾ ದೇಶದ ಆಸ್ಪತ್ರೆಯ ಪ್ರಮಾಣಪತ್ರ ಲಗತ್ತಿಸಿ.

ಜೀವಂತ ಅಂತ ಬರೆಯುವಾಗ ಯಾರೂ ಯಾವ ಕಾಗದವನ್ನೂ ಕೇಳಿರಲಿಲ್ಲ.

ನಾನೂ ಯಾಸಿರನೂ ಊಟದ ಹೊತ್ತಿನಲ್ಲಿ ಫೋನ್ ಮಾಡತೊಡಗಿದೆವು. ಅರಬಿಯವರಿಗೆ ಅವನು, ಹಿಂದಿ ಕನ್ನಡದವರಿಗೆ ನಾನು. ಮೂರು ವಾರ ಬಿಡದೆ, ಅವರ ಗೆಳೆಯರು ನೆಂಟರ ನಂಬರು ಹುಡುಕಿ ಮಾಡಿದೆವು. ಎತ್ತಿದವರು ತೊಂಬತ್ತೇಳು ಮನೆಯವರು. ಅದರಲ್ಲಿ ನಲವತ್ತೊಂದು ಮನೆಯಲ್ಲಿ ಆ ಮನುಷ್ಯ ಇರಲಿಲ್ಲ. ತಾಹಿರನ ಹೆಂಡತಿ ಸಿಕ್ಕಳು. ಊರು ಸೇರಿದ ಮಾರನೇ ದಿನವೇ, ನೆಂಟರ ಜೊತೆ ಚಹಾ ಕುಡಿಯುತ್ತಾ ಹೋದನಂತೆ. ಕಲಬುರಗಿಯ ಡ್ರೈವರನ ಮಗಳು, "ನಮ್ಮಪ್ಪ ಸತ್ತು ಎರಡು ವರ್ಷ ಆತು ಮೇಡಂ, ಈಗ ಕೇಳಾಕತ್ತೀರೇನು?" ಅಂದಳು. ಸರ್ಟಿಫಿಕೇಟ್ ಇದೆಯಾ ಅಂತ ಕೇಳಬೇಕಾಯಿತು. ಕೇಳಿದೆ. ಅವಳು ಬೈದು ಫೋನ್ ಇಟ್ಟಳು. ಬೈಯಲಿ.

ನಲವತ್ತೊಂದು ಜನರಲ್ಲಿ ಒಬ್ಬರ ಹತ್ತಿರವೂ ಹೃದಯಾಘಾತ ಅಂತ ಬರೆದ ಕಾಗದ ಇರಲಿಲ್ಲ. ಮನೆಯಲ್ಲಿ ಸತ್ತವರಿಗೆ, ದಾರಿಯಲ್ಲಿ ಸತ್ತವರಿಗೆ ಯಾರು ಬರೆದು ಕೊಡುತ್ತಾರೆ? ಯಾಸಿರ್ ಬಿಡಲು ಬಂದಿದ್ದ ಆ ಮುದುಕನ ಸುದ್ದಿಯೂ ಬಂತು. ಅವನ ಊರಿನಲ್ಲಿ ಕಾಗದ ಕೊಡುವ ಡಾಕ್ಟರೇ ಇಲ್ಲ. ನಲವತ್ತೊಂದೂ ಸಾಲು ತಿದ್ದಿ ಕಳಿಸಿದೆ. ನಲವತ್ತೊಂದೂ ತಿರಸ್ಕಾರವಾಗಿ ಮತ್ತೆ ಜೀವಂತವಾದವು. ಸಾವಿರದ ನೂರ ನಲವತ್ತಮೂರನೇ ಸಾಲು ಮಾತ್ರ ಒಪ್ಪಿಗೆಯಾಯಿತು. ನಮ್ಮ ಯಜಮಾನರದು. ಸೀಲು ಸ್ಪಷ್ಟವಾಗಿತ್ತಲ್ಲ.

ಆದರೂ ಒಂದು ಆಸೆ ಇತ್ತು. ಸೊನ್ನೆ ಒಡೆಯಿತು, ಇನ್ನು ಯಾರಾದರೂ ಕೇಳಿಯೇ ಕೇಳುತ್ತಾರೆ, ಆ ಒಂದರ ಹಿಂದೆ ಇನ್ನೆಷ್ಟಿದೆ ಅಂತ. ಅಷ್ಟಾದರೆ ಸಾಕು, ಇವರು ಸತ್ತದ್ದಕ್ಕೆ ಮುಂದಿನವರು ಬದುಕಿಯಾರು ಅಂತ ದಿನಾ ಬೆಳಿಗ್ಗೆ ಅದನ್ನೇ ನಂಬಿಕೊಂಡು ಕೆಲಸಕ್ಕೆ ಬರುತ್ತಿದ್ದೆ.

ಸಮ್ಮೇಳನಕ್ಕೆ ಎರಡು ದಿನ ಮೊದಲು ಡಾಕ್ಟರ್ ಇಬ್ತಿಸಾಮ್ ನನ್ನ ಮೇಜಿಗೆ ಬಂದರು. ಕೂರಲಿಲ್ಲ. ಕೈಯಲ್ಲಿ ಒಂದು ಕಾಗದ. ವರದಿಯನ್ನು ಪರೀಕ್ಷಿಸಿದ ಹೊರದೇಶದ ಪಂಡಿತರ ಪತ್ರ.

"ನಿನ್ನ ಪತ್ರವನ್ನೂ ಜೊತೆಗೆ ಕಳಿಸಿದ್ದೆ ತಾರಾ. ಪ್ರಮಾಣವಿಲ್ಲ ಅಂತ ಪಕ್ಕಕ್ಕಿಟ್ಟಿದ್ದಾರೆ," ಅಂದರು.

"ಅಂಕಿಯ ಬಗ್ಗೆ ಏನಂದರು?"

"ನೀನೇ ಓದು."

ಓದಿದೆ. ಕಳೆದ ಸಲದ ವರದಿಯಲ್ಲಿ ರವಾನೆಯಾದವರಲ್ಲಿ ಒಂದೂ ಸಾವಿಲ್ಲ ಎಂದಿದ್ದು ನಮಗೆ ಅನುಮಾನ ತಂದಿತ್ತು. ಯಾವ ಚಿಕಿತ್ಸೆಯಲ್ಲೂ ಸೊನ್ನೆ ಸಾಧ್ಯವಿಲ್ಲ. ಈ ಸಲ ಸಾವಿರಕ್ಕೂ ಹೆಚ್ಚು ಪ್ರಕರಣಗಳಲ್ಲಿ ಒಂದು ಸಾವು ಪ್ರಮಾಣಪತ್ರದ ಸಮೇತ ದಾಖಲಾಗಿದೆ. ಇದರಿಂದ ರವಾನೆಯಾದ ಮೇಲೂ ರೋಗಿಗಳನ್ನು ಶ್ರದ್ಧೆಯಿಂದ ಗಮನಿಸಲಾಗುತ್ತಿದೆ ಎಂಬುದು ಖಚಿತವಾಯಿತು. ವರದಿ ನಂಬಲರ್ಹವಾಗಿದೆ. ಅಭಿನಂದನೆಗಳು.

ಡಾಕ್ಟರ್ ಇಬ್ತಿಸಾಮ್ ಅಳುತ್ತಿದ್ದರು. ನನಗೆ ಅಳು ಬರಲಿಲ್ಲ. ಏಳು ದೇಶಗಳೂ ಒಪ್ಪಿವೆಯಾ ಅಂತ ಕೇಳಿದೆ. ತಲೆ ಆಡಿಸಿದರು.

ಸೊನ್ನೆ ಇದ್ದಾಗಲಾದರೂ ಜಗತ್ತಿನಲ್ಲಿ ಯಾರೋ ಒಬ್ಬರು ಅನುಮಾನ ಪಡುತ್ತಿದ್ದರು. ನನ್ನ ಗಂಡ ಸತ್ತು, ನಾನು ನಾಲ್ಕು ಸಲ ಅಲೆದು ಸೀಲು ಹಾಕಿಸಿ ತಂದು, ಆ ಅನುಮಾನವನ್ನೂ ನಾವಿಬ್ಬರೇ ಕೈಯಾರೆ ಕಳೆದೆವು.